ಆಕಾಶದಲ್ಲಿ ಎಷ್ಟು ದೂರ, ಗಡಿಯಾರದಲ್ಲಿ ಎಷ್ಟು ಹೊತ್ತು

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ದಾರಿ ಬದಲಿಸಿತು. ಅಲ್ಲಿಯತನಕ ಪಶ್ಚಿಮಕ್ಕೆ ಹೊರಟು ಯುರೋಪು, ಅಟ್ಲಾಂಟಿಕ್ ದಾಟಿ ಹೋಗುತ್ತಿದ್ದ ವಿಮಾನ ಪೂರ್ವಕ್ಕೆ ಮುಖಮಾಡಿ ಪೆಸಿಫಿಕ್ ಸಾಗರದ ಮೇಲೆ ಹಾರಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸದು ಸುಮಾರು 15,300. ದಾರಿ 1,400 ಕಿ.ಮೀ. ಉದ್ದವಾಯಿತು, ಪ್ರಯಾಣ ಮಾತ್ರ ಎರಡು ಗಂಟೆಯಷ್ಟು ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ದೂರ ಹೆಚ್ಚಿದರೆ ಹೊತ್ತೂ ಹೆಚ್ಚಬೇಕು ಎಂಬ ನಮ್ಮ ಶಾಲೆಯ ಲೆಕ್ಕ ಆಕಾಶದಲ್ಲಿ ಯಾಕೆ ತಪ್ಪುತ್ತದೆ ಎಂಬುದನ್ನು ಬಿಡಿಸಿ ನೋಡುವುದಕ್ಕೆ ಈ ಒಂದು ಉದಾಹರಣೆ ಸಾಕು.

ಎರಡು ಊರುಗಳ ನಡುವೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳುವವರು ಬಹಳ ಮಂದಿ. ಮಗ ಕ್ಯಾಲಿಫೋರ್ನಿಯಾದಲ್ಲಿರುವ ತಂದೆತಾಯಿ ಕೇಳುತ್ತಾರೆ, ದುಬೈಗೆ ಕೆಲಸಕ್ಕೆ ಹೊರಟ ಉಡುಪಿಯ ಹುಡುಗ ಕೇಳುತ್ತಾನೆ, ಕಲಬುರಗಿಯಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆತರುವವರು ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಅಂಕಿ. ಆ ಒಂದು ಅಂಕಿಯ ಹಿಂದೆ ಬೇರೆ ಬೇರೆ ಅಂಕಿಗಳಿವೆ: ಭೂಮಿಯ ಮೇಲಿನ ಕನಿಷ್ಠ ದೂರ, ವಿಮಾನ ನಿಜವಾಗಿ ಹಾರುವ ದೂರ, ಗಾಳಿಯಲ್ಲಿರುವ ಹೊತ್ತು, ಟಿಕೆಟಿನಲ್ಲಿ ಅಚ್ಚಾದ ಹೊತ್ತು, ಮನೆಯ ಬಾಗಿಲಿನಿಂದ ಇನ್ನೊಂದು ಮನೆಯ ಬಾಗಿಲಿಗೆ ಹಿಡಿಯುವ ಹೊತ್ತು. ಪ್ರಯಾಣಿಕನಿಗೆ ನಿಜವಾಗಿ ಬೇಕಾದದ್ದು ಕೊನೆಯದು. ನಮ್ಮಲ್ಲಿ ಚರ್ಚೆಯೆಲ್ಲ ಮೊದಲಿನ ಅಂಕಿಗಳ ಸುತ್ತಲೇ ನಡೆಯುತ್ತದೆ ಎಂಬುದು ನನ್ನ ತಕರಾರು.

ಮೊದಲು ಕನಿಷ್ಠ ದೂರವನ್ನೇ ತೆಗೆದುಕೊಳ್ಳೋಣ. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಸಾಗುತ್ತದೆ. ಗ್ಲೋಬಿನ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿದರೆ ಚಿತ್ರವೇ ಬೇರೆ. ದಾರ ಹೆಚ್ಚುಕಡಿಮೆ ಉತ್ತರಕ್ಕೇ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದಂಚು, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಆ ದಾರದ ಉದ್ದ ಸುಮಾರು 13,990 ಕಿ.ಮೀ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಇದೇ. ಇದಕ್ಕಿಂತ ಕಡಿಮೆ ದೂರದಲ್ಲಿ ಯಾವ ವಿಮಾನವೂ ಆ ಊರು ಸೇರಲಾರದು.

ಬೆಂಗಳೂರು–ದೆಹಲಿ ದೂರವನ್ನಂತೂ ಕಾಗದ, ಪೆನ್ನು ಇದ್ದರೆ ಯಾರು ಬೇಕಾದರೂ ಲೆಕ್ಕಹಾಕಬಹುದು. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ದೇವನಹಳ್ಳಿಯ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರದಲ್ಲಿ, ದೆಹಲಿಯದು 28.57ರಲ್ಲಿ. ವ್ಯತ್ಯಾಸ 15.37 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಗುಣಿಸಿದರೆ ಸುಮಾರು 1,708 ಕಿ.ಮೀ. ಬರುತ್ತದೆ. ಪೈಲಟ್‌ಗಳು ಇಂದಿಗೂ ನಾಟಿಕಲ್ ಮೈಲಿ ಬಿಡದಿರುವುದಕ್ಕೆ ಈ ಸರಳತೆಯೂ ಒಂದು ಕಾರಣ. ಕರ್ನಾಟಕ ಎಕ್ಸ್‌ಪ್ರೆಸ್ ಇದೇ ಎರಡು ಊರುಗಳ ನಡುವೆ ಸುಮಾರು 2,400 ಕಿ.ಮೀ. ಓಡುತ್ತದೆ.

ಈ 1,708 ಕಿ.ಮೀ. ಕ್ರಮಿಸಲು ಎಷ್ಟು ಹೊತ್ತು ಬೇಕು? ಏರ್‌ಬಸ್ 320 ಜಾತಿಯ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಭಾಗಿಸಿದರೆ ಎರಡು ಗಂಟೆ, ಮೇಲೆ ಕೆಲವು ನಿಮಿಷ. ಟಿಕೆಟಿನಲ್ಲಿ ಇರುವುದು ಎರಡೂಮುಕ್ಕಾಲು ಗಂಟೆಯ ಆಸುಪಾಸು. ಉಳಿದ ಹೊತ್ತು ಎಲ್ಲಿ ಹೋಯಿತು? ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ ಮತ್ತೆ ಅಡ್ಡಗಟ್ಟೆ ಕೊಡುವ ಕ್ಷಣದವರೆಗಿನ ಕಾಲ ವೇಳಾಪಟ್ಟಿಯ ಲೆಕ್ಕಕ್ಕೆ ಸೇರುತ್ತದೆ. ರನ್‌ವೇವರೆಗೆ ಉರುಳಬೇಕು, ಸರದಿಯಲ್ಲಿ ನಿಲ್ಲಬೇಕು. ಏರುವಾಗ, ಇಳಿಯುವಾಗ ವೇಗ ಕಡಿಮೆ. ಇಳಿಯುವ ಊರಿನ ಮೇಲೆ ಗಾಳಿಗೆ ಎದುರಾಗಿ ರನ್‌ವೇ ಹಿಡಿಯಲು ಸುತ್ತುಹಾಕಬೇಕು. ದೆಹಲಿಯಂಥ ಕಿಕ್ಕಿರಿದ ನಿಲ್ದಾಣದಲ್ಲಿ ಆಕಾಶದಲ್ಲೂ ಸರದಿ ಇರುತ್ತದೆ. ಇದರ ಮೇಲೆ ವಿಮಾನ ಕಂಪನಿಗಳು ಕೆಲವು ನಿಮಿಷ ಸೇರಿಸಿಯೇ ವೇಳಾಪಟ್ಟಿ ಬರೆಯುತ್ತವೆ. ನಿಗದಿತ ಹೊತ್ತಿನಿಂದ ಹದಿನೈದು ನಿಮಿಷದೊಳಗೆ ಬಂದರೆ ಅದು ಸಮಯಕ್ಕೆ ಸರಿಯಾಗಿ ಬಂದ ವಿಮಾನ ಎಂದೇ ಲೆಕ್ಕ. ಹಾಗಾಗಿ ತಡವಾಗಿ ಹೊರಟ ವಿಮಾನ ಹೊತ್ತಿಗೆ ಮುಂಚೆ ಇಳಿದರೆ ಪೈಲಟ್ ಜೋರಾಗಿ ಓಡಿಸಿದ ಎಂದುಕೊಳ್ಳಬೇಕಾಗಿಲ್ಲ. ಆ ಹೊತ್ತು ವೇಳಾಪಟ್ಟಿಯೊಳಗೇ ಇತ್ತು.

ವೇಗದ ವಿಷಯದಲ್ಲಿ ಇನ್ನೊಂದು ಸಂಗತಿ ಹೇಳಬೇಕು. 1960ರಲ್ಲಿ ಏರ್ ಇಂಡಿಯಾಕ್ಕೆ ಬಂದ ಬೋಯಿಂಗ್ 707 ಇಂದಿನ ವಿಮಾನಗಳಿಗಿಂತ ನಿಧಾನವಾಗಿ ಹಾರುತ್ತಿರಲಿಲ್ಲ. ಶಬ್ದದ ವೇಗ ಮೀರಿದ ಕಾಂಕಾರ್ಡ್ 2003ರಲ್ಲಿ ನಿಂತೇಹೋಯಿತು. ಅರುವತ್ತು ವರ್ಷಗಳಲ್ಲಿ ವಿಮಾನದ ಇಂಧನ ಮಿತವ್ಯಯ ಹೆಚ್ಚಿದೆ, ಸದ್ದು ತಗ್ಗಿದೆ, ಸುರಕ್ಷತೆ ಬಹಳ ಬೆಳೆದಿದೆ. ವೇಗ ಇದ್ದಲ್ಲೇ ಇದೆ. ದೂರದ ಊರು ಹತ್ತಿರವಾದದ್ದು ವಿಮಾನ ನಡುವೆ ಎಲ್ಲೂ ಇಳಿಯದೆ ಹೋಗುವಂತಾದ್ದರಿಂದ.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಟಪಾಲು ತಂದಾಗ, ಅಲ್ಲಿಂದ ಮದ್ರಾಸಿಗೆ ಆ ಚೀಲ ಒಯ್ದ ನೆವಿಲ್ ವಿನ್ಸೆಂಟ್ ನಡುವೆ ಬಳ್ಳಾರಿಯಲ್ಲಿ ಇಳಿದಿದ್ದರು. ಪುಸ್ ಮಾತ್ ಎಂಬ ಆ ಪುಟ್ಟ ವಿಮಾನಕ್ಕೆ ಮುಂಬಯಿ–ಮದ್ರಾಸ್ ಒಂದೇ ನೆಗೆತದ ದೂರವಾಗಿರಲಿಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವ ಪ್ರದೇಶದ ಮಾರ್ಗವಾಗಿ, ನಡುವೆ ಎಲ್ಲೂ ಇಳಿಯದೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂತು. ಹದಿನೇಳು ಗಂಟೆಯ ಹಾರಾಟ. ಫ್ರಾಂಕ್‌ಫರ್ಟಿನಲ್ಲೋ ದುಬೈಯಲ್ಲೋ ಇಳಿದು ಮತ್ತೊಂದು ವಿಮಾನ ಹತ್ತಿದರೆ ಇಪ್ಪತ್ತೆರಡು ಗಂಟೆಯ ಮೇಲೇ ಆಗುತ್ತಿತ್ತು. ಇಂಗ್ಲಿಷ್ ಬಾರದೆ, ಮಂಡಿನೋವು ಹೊತ್ತು, ಮೊಮ್ಮಗುವನ್ನು ನೋಡಲು ಹೊರಟ ನಮ್ಮ ಹಿರಿಯರಿಗೆ ನಡುವಿನ ಅಪರಿಚಿತ ನಿಲ್ದಾಣವೊಂದು ತಪ್ಪುವುದು ಐದಾರು ಗಂಟೆಗಿಂತ ದೊಡ್ಡ ಉಳಿತಾಯ.

ಇನ್ನು ಗಾಳಿ. ಮಧ್ಯ ಅಕ್ಷಾಂಶಗಳ ಮೇಲೆ, ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ. ಇದನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ. ಅವರು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಜಗತ್ತು ಬಹುಕಾಲ ಅದನ್ನು ಗಮನಿಸಲಿಲ್ಲ. ದೆಹಲಿಯ ವಿಮಾನ 2016ರಲ್ಲಿ ದಾರಿ ತಿರುಗಿಸಿದ್ದು ಈ ಪ್ರವಾಹವನ್ನು ಹಿಡಿಯುವುದಕ್ಕೇ. ಪಶ್ಚಿಮಕ್ಕೆ ಹೋದರೆ ಗಾಳಿ ಎದುರು ನೂಕುತ್ತದೆ, ಪೂರ್ವಕ್ಕೆ ಹೋದರೆ ಬೆನ್ನಿಗೆ ಬರುತ್ತದೆ. ನೆಲದ ಮೇಲೆ ಅಳೆದ 15,300 ಕಿ.ಮೀ. ಗಾಳಿಯೊಳಗಿನ ಲೆಕ್ಕದಲ್ಲಿ ಅಷ್ಟು ಉದ್ದವಲ್ಲ.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದಲ್ಲ, ಸಮವಾಯಿತು ಎಂದು ಅನ್ನಿಸಬಹುದು. ಸಮವಾಗುವುದಿಲ್ಲ. ಗಂಟೆಗೆ 850 ಕಿ.ಮೀ. ಹಾರುವ ವಿಮಾನ 1,700 ಕಿ.ಮೀ. ಹೋಗಿಬರಲು ಗಾಳಿಯಿಲ್ಲದ ದಿನ ಸರಿಯಾಗಿ ನಾಲ್ಕು ಗಂಟೆ ಬೇಕು. 100 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ಒಂದು ಕಡೆಗೆ ಒಂದು ಗಂಟೆ 47 ನಿಮಿಷ, ಇನ್ನೊಂದು ಕಡೆಗೆ ಎರಡು ಗಂಟೆ 16 ನಿಮಿಷ. ಒಟ್ಟು ನಾಲ್ಕು ಗಂಟೆ ಮೂರು ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದಾದ್ದರಿಂದ ನಷ್ಟವೇ ಯಾವಾಗಲೂ ಹೆಚ್ಚು. ದೆಹಲಿ–ಗುವಾಹಟಿ, ಮುಂಬಯಿ–ಕೋಲ್ಕತ್ತದಂಥ ಪೂರ್ವ–ಪಶ್ಚಿಮ ಹಾರಾಟಗಳಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಚಳಿಗಾಲದಲ್ಲಿ ಎದ್ದುಕಾಣುವ ವ್ಯತ್ಯಾಸವಿದೆ. ಬೆಂಗಳೂರು–ದೆಹಲಿ ಉತ್ತರ–ದಕ್ಷಿಣವಾದ್ದರಿಂದ ಗಾಳಿ ಪಕ್ಕದಿಂದ ಬಡಿಯುತ್ತದೆ. ಎರಡು ದಿಕ್ಕಿಗೂ ಹೊತ್ತು ಹೆಚ್ಚುಕಡಿಮೆ ಒಂದೇ.

ನಮ್ಮ ದಕ್ಷಿಣದ ಆಕಾಶಕ್ಕೆ ಮಳೆಗಾಲದಲ್ಲಿ ತನ್ನದೇ ಒಂದು ಗಾಳಿಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗೆ ನೈಋತ್ಯ ಮಾರುತ ಸಮುದ್ರದಿಂದ ನಾಡಿನೊಳಕ್ಕೆ ಬೀಸುತ್ತಿರುವಾಗ, ಮೇಲೆ ಹದಿನಾಲ್ಕು–ಹದಿನಾರು ಕಿ.ಮೀ. ಎತ್ತರದಲ್ಲಿ ತದ್ವಿರುದ್ಧ ದಿಕ್ಕಿಗೆ, ಪೂರ್ವದಿಂದ ಪಶ್ಚಿಮಕ್ಕೆ, ಬಲವಾದ ಪ್ರವಾಹ ಹರಿಯುತ್ತದೆ. ಇದನ್ನು 1950ರ ದಶಕದಲ್ಲಿ ವಿವರಿಸಿ ಜಗತ್ತಿಗೆ ತಿಳಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಈ ಪೂರ್ವಗಾಳಿಯ ನಡುಭಾಗ ಹಾದುಹೋಗುವುದು ಹೆಚ್ಚುಕಡಿಮೆ ಬೆಂಗಳೂರು, ಚೆನ್ನೈಗಳ ಅಕ್ಷಾಂಶದಲ್ಲೇ. ಪ್ರಯಾಣಿಕ ವಿಮಾನಗಳು ಅದಕ್ಕಿಂತ ಸ್ವಲ್ಪ ಕೆಳಗೆ ಹಾರಿದರೂ ಅದರ ಅಂಚು ಅವಕ್ಕೆ ತಾಗುತ್ತದೆ. ಬೆಂಗಳೂರಿನಿಂದ ಸುಮಾರು 2,700 ಕಿ.ಮೀ. ದೂರದ ದುಬೈಗೆ ಡಿಸೆಂಬರಿನಲ್ಲಿ ಹೋಗುವಾಗ ಎದುರುಗಾಳಿ. ಜುಲೈನಲ್ಲಿ ದಾರಿಯ ದಕ್ಷಿಣ ಭಾಗದಲ್ಲಾದರೂ ಗಾಳಿ ಬೆನ್ನಿಗಿರುತ್ತದೆ. ಒಂದೇ ಊರು, ಒಂದೇ ವಿಮಾನ; ಋತು ಬದಲಾದರೆ ಹೊತ್ತು ಬದಲು.

ಗಾಳಿ ಒಪ್ಪಿದರೂ ನೆಲ ಒಪ್ಪಬೇಕು. ಮೇಲೆ ಹೇಳಿದ ಬಿಗಿದ ದಾರ ಟಿಬೆಟಿನ ಮೇಲೆ ಹೋಗುತ್ತದೆ, ವಿಮಾನಗಳು ಸಾಮಾನ್ಯವಾಗಿ ಹೋಗುವುದಿಲ್ಲ. ವಿಮಾನದೊಳಗಿನ ಒತ್ತಡ ಕುಸಿದರೆ ಪ್ರಯಾಣಿಕರ ಮುಖವಾಡದಲ್ಲಿ ಆಮ್ಲಜನಕ ಬರುವುದು ಕೆಲವೇ ನಿಮಿಷ; ಅಷ್ಟರೊಳಗೆ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಟಿಬೆಟಿನಲ್ಲಿ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಎರಡೇ ಎಂಜಿನ್ನಿನ ವಿಮಾನಗಳಿಗೆ ಇನ್ನೊಂದು ಕಟ್ಟಳೆಯೂ ಇದೆ. ಒಂದು ಎಂಜಿನ್ ನಿಂತರೆ ಉಳಿದೊಂದರ ಬಲದಿಂದ ನಿಗದಿತ ನಿಮಿಷಗಳೊಳಗೆ ತಲುಪಬಹುದಾದ ನಿಲ್ದಾಣ ಸದಾ ಇರುವಂತೆ ದಾರಿ ಆರಿಸಬೇಕು. 2023ರ ಜೂನ್ 6ರಂದು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ದೆಹಲಿಯ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಮರುದಿನ ಬದಲಿ ವಿಮಾನ ಕಳಿಸಬೇಕಾಯಿತು. ಇಷ್ಟೊಂದು ಸುತ್ತು ಯಾಕೆ ಎಂದು ಪರದೆಯ ಮೇಲಿನ ನಕಾಶೆ ನೋಡುತ್ತ ಗೊಣಗುವವರು ಇಂಥ ದಿನವನ್ನೂ ನೆನೆಯಬೇಕು.

ಎಲ್ಲಕ್ಕಿಂತ ಮುಖ್ಯ, ಗಡಿಗಳು. 2019ರ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಅದು ಮತ್ತೆ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ನಿಲ್ಲದೆ ಹೋಗುತ್ತಿದ್ದ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿಯಬೇಕಾಯಿತು. 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶವೂ ಇಲ್ಲ. ಬೆಂಗಳೂರಿಗೆ ಇದರ ಬಿಸಿ ನೇರವಾಗಿ ತಟ್ಟಿದೆ: ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ನೇರ ವಿಮಾನ ಬಿಡುವುದಾಗಿ ಪ್ರಕಟಿಸಿದ್ದವು, ಮೊದಲು ಕೊರೋನಾ, ಆಮೇಲೆ ರಷ್ಯಾದ ಯುದ್ಧ ಅಡ್ಡಬಂದು ಎರಡೂ ಹೊರಡಲೇ ಇಲ್ಲ. ದೇಶದೊಳಗೂ ವಾಯುಪಡೆಗೆ ಮೀಸಲಾದ ಆಕಾಶವಿದೆ. ನಾಗರಿಕ ವಿಮಾನಗಳಿಗೆ ಮುಕ್ತವಾಗಿರುವುದು ಶೇ. 60 ಮಾತ್ರ ಎಂದು 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವೆಯೇ ಹೇಳಿ, ಅದನ್ನು ಸಡಿಲಿಸುವ ಮಾತು ಕೊಟ್ಟರು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ದೇವನಹಳ್ಳಿಯ ವಿಮಾನಗಳ ಹೊತ್ತು ಏರುಪೇರಾಗುವುದು ಬೆಂಗಳೂರಿನವರಿಗೆ ಗೊತ್ತೇ ಇದೆ.

ಟಿಕೆಟಿನ ಗಡಿಯಾರದ ಬಗ್ಗೆ ಒಂದು ಮಾತು. ಅದರಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟ ವಿಮಾನ ಕ್ಯಾಲಿಫೋರ್ನಿಯಾಕ್ಕೆ ಅದೇ ದಿನ ಸಂಜೆ ಐದಕ್ಕೆ ಇಳಿದರೆ ಮೂರು ಗಂಟೆಯ ಪ್ರಯಾಣವಲ್ಲ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ವ್ಯತ್ಯಾಸ ಕೂಡಿಸಿಯೇ ಲೆಕ್ಕಹಾಕಬೇಕು. ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವವರು, ಮುಖ್ಯವಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗಡಿಯಾರ ನೋಡದೆ ಕಳೆದ ಗಂಟೆಗಳನ್ನು ಎಣಿಸಿ ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಅಗತ್ಯ.

ಇಷ್ಟೆಲ್ಲ ದೂರದ ಹಾರಾಟದ ಮಾತಾಯಿತು. ಹತ್ತಿರದ ಊರುಗಳಿಗೆ ಬಂದರೆ ಗಾಳಿ, ಗಡಿ ಎರಡೂ ಹಿಂದೆ ಸರಿದು, ನೆಲದ ಮೇಲಿನ ಹೊತ್ತೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಾನು ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಇಲ್ಲಿ.

ಬೆಂಗಳೂರು–ಮಂಗಳೂರು ನೇರ ದೂರ ಸುಮಾರು 305 ಕಿ.ಮೀ. ಶಿರಾಡಿ ಘಾಟಿಯ ರಸ್ತೆಯಲ್ಲಿ ಸುಮಾರು 350. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಹಳಿಯಲ್ಲಿ 57 ಸುರಂಗಗಳಿವೆ. ರೈಲು ಅಲ್ಲಿ ತೆವಳಿಕೊಂಡೇ ಇಳಿಯಬೇಕು. ವಿಮಾನದ ವೇಳಾಪಟ್ಟಿ ಒಂದು ಗಂಟೆಯ ಆಸುಪಾಸು. ಅದರಲ್ಲಿ ಪೂರ್ಣವೇಗದ ಹಾರಾಟ ಸಿಗುವುದು ಅತ್ಯಲ್ಪ. ಏರಿ ಮುಗಿಯುವಷ್ಟರಲ್ಲಿ ಇಳಿಯುವುದು ಶುರು. ಹೀಗಾಗಿ ಗಂಟೆಗೆ ಸುಮಾರು 500 ಕಿ.ಮೀ. ಹಾರುವ ಎಟಿಆರ್ ವಿಮಾನಕ್ಕೂ 830 ಹಾರುವ ಏರ್‌ಬಸ್ಸಿಗೂ ಇಷ್ಟು ಹತ್ತಿರದಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ. ಈಗ ಬಾಗಿಲಿನಿಂದ ಬಾಗಿಲಿಗೆ ಕೂಡಿಸಿ. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ–ಎರಡು ಗಂಟೆ, ತಪಾಸಣೆ, ಕಾಯುವಿಕೆಗೆ ಒಂದೂವರೆ ಗಂಟೆ, ವಿಮಾನದಲ್ಲಿ ಒಂದು ಗಂಟೆ, ಚೀಲ ಪಡೆದು ಬಜ್ಪೆಯಿಂದ ಹಂಪನಕಟ್ಟೆಗೆ ಒಂದು ಗಂಟೆ. ಐದು ಗಂಟೆ ದಾಟಿತು. ಕಾರಿನಲ್ಲಿ ಏಳೆಂಟು ಗಂಟೆ. ರಾತ್ರಿ ಬಸ್ಸಿಗೂ ಅಷ್ಟೇ ಹಿಡಿಯುತ್ತದೆ, ಆದರೆ ಆ ಹೊತ್ತು ನಿದ್ದೆಯದು. ಕರಾವಳಿಯವರು ಬಸ್ಸನ್ನು ಬಿಡದಿರುವುದರಲ್ಲಿ ಒಳ್ಳೆಯ ತರ್ಕವಿದೆ.

2008ರ ಮೇ 24ಕ್ಕೆ ಮುಂಚೆ ವಿಮಾನಗಳು ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು. ಅಂದಿನಿಂದ ನಿಲ್ದಾಣ ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿ.ಮೀ. ಆಚೆ ಹೋಯಿತು. ಮಂಗಳೂರು ಹಾರಾಟದ ಒಂದು ಗಂಟೆ ಹಾಗೇ ಉಳಿಯಿತು, ಪ್ರಯಾಣ ಮಾತ್ರ ಉದ್ದವಾಯಿತು. ಊರು ಬೆಳೆದದ್ದಕ್ಕೆ ಹೊಸ ನಿಲ್ದಾಣ ಬೇಕೇ ಇತ್ತು. ಅದರ ಜೊತೆಗೇ ಹಳಿ ಬರಬೇಕಿತ್ತು, ಬರಲಿಲ್ಲ. 2021ರ ಜನವರಿಯಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೊಂದು ಪುಟ್ಟ ರೈಲು ತಂಗುದಾಣ ತೆರೆಯಿತು. ಅಲ್ಲಿ ನಿಲ್ಲುವ ರೈಲುಗಳು ಬೆರಳೆಣಿಕೆಯಷ್ಟು. ಸಿಲ್ಕ್ ಬೋರ್ಡ್, ಕೆ.ಆರ್. ಪುರ ಮಾರ್ಗವಾಗಿ ಬರಬೇಕಾದ ಮೆಟ್ರೋಗೆ ಕಾದು ವರ್ಷಗಳಾದವು. ಮೈಸೂರಿನವರಿಗೆ ನೇರ ನಿಲ್ದಾಣಕ್ಕೇ ಮುಟ್ಟಿಸುವ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಈ ವಿಷಯದಲ್ಲಿ ಸದ್ದಿಲ್ಲದೆ ಮಾಡಿದ ಉಪಕಾರ ದೊಡ್ಡದು.

ಚೆನ್ನೈ ವಿಷಯದಲ್ಲಿ ಚರ್ಚೆಯೇ ಬೇಡ. ನೇರ ದೂರ 270 ಕಿ.ಮೀ. ಮಾತ್ರ; ವಂದೇ ಭಾರತ್ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಊರ ನಡುವಿನಿಂದ ಊರ ನಡುವಿಗೆ ಸೇರಿಸುತ್ತದೆ. ಶಿವಮೊಗ್ಗಕ್ಕೂ ಇದೇ ಮಾತು. 2023ರ ಆಗಸ್ಟ್ ಕೊನೆಯಲ್ಲಿ ಅಲ್ಲಿಗೆ ವಿಮಾನ ಶುರುವಾದದ್ದು ಮಲೆನಾಡಿಗೆ ಹೆಮ್ಮೆಯ ಸಂಗತಿ ನಿಜ; ಆದರೆ ಬೆಂಗಳೂರಿಗೆ 240 ಕಿ.ಮೀ. ನೇರ ದೂರದ ಊರಿನಿಂದ ಸುಮಾರು ಐದು ಗಂಟೆಯಲ್ಲಿ ಜನಶತಾಬ್ದಿ ಬರುತ್ತಿರುವಾಗ, ಆ ನಿಲ್ದಾಣದ ಸಾರ್ಥಕತೆ ಇರುವುದು ಹೈದರಾಬಾದ್, ಗೋವಾ, ಚೆನ್ನೈಗಳ ಹಾರಾಟದಲ್ಲಿ.

ಕಲಬುರಗಿ, ಬೀದರ್ ಬೇರೆಯೇ ಕಥೆ. ಬೆಂಗಳೂರು–ಕಲಬುರಗಿ ನೇರ ದೂರ ಸುಮಾರು 465 ಕಿ.ಮೀ. 2024ರಲ್ಲಿ ಬಂದ ವಂದೇ ಭಾರತ್ತಿಗೂ ಸುಮಾರು ಒಂಬತ್ತು ಗಂಟೆ ಬೇಕು. ಇಲ್ಲಿ ವಿಮಾನ ನಿಜವಾಗಿ ಅರ್ಧ ದಿನ ಉಳಿಸಬಲ್ಲದು. ಕೇಂದ್ರದ ಉಡಾನ್ ಯೋಜನೆ ಸುಮಾರು 500 ಕಿ.ಮೀ., ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಇಟ್ಟಾಗ ಮನಸ್ಸಿನಲ್ಲಿದ್ದದ್ದು ಇಂಥ ಊರುಗಳೇ. ಕಲಬುರಗಿ ನಿಲ್ದಾಣ 2019ರ ನವೆಂಬರ್‌ನಲ್ಲಿ, ಬೀದರ್ 2020ರ ಫೆಬ್ರವರಿಯಲ್ಲಿ ತೆರೆದವು. ಬೀದರ್‌ನ ಸೇವೆ ನಡುವೆ ನಿಂತು 2025ರಲ್ಲಿ ಮತ್ತೆ ಶುರುವಾಯಿತು. ವಾರಕ್ಕೆ ಕೆಲವೇ ಹಾರಾಟ ಇದ್ದರೆ ಒಂದು ಗಂಟೆಯ ಪ್ರಯಾಣಕ್ಕೆ ಎರಡು ದಿನದ ಕಾಯುವಿಕೆ ಅಂಟಿಕೊಳ್ಳುತ್ತದೆ, ಮತ್ತು ಕಾಯುವ ಹೊತ್ತೂ ಪ್ರಯಾಣದ ಹೊತ್ತೇ. ಬೆಳಿಗ್ಗೆ ಹೋಗಿ ಸಂಜೆ ಬರುವಂತೆ ದಿನಕ್ಕೆರಡು ಹಾರಾಟ ಇಲ್ಲದ ನಿಲ್ದಾಣ, ಆಸ್ಪತ್ರೆಗೆ, ಹೈಕೋರ್ಟಿಗೆ, ಸಂದರ್ಶನಕ್ಕೆ ಬರುವವರ ಪಾಲಿಗೆ ಇದ್ದೂ ಇಲ್ಲದಂತೆ.

ನನ್ನ ತೀರ್ಪು ಇಷ್ಟು. ಮುನ್ನೂರು ಕಿ.ಮೀ. ಒಳಗಿನ ಊರುಗಳ ನಡುವೆ ಹಣ ಹಾಕಬೇಕಾದದ್ದು ಹಳಿಗೆ. ನಾನೂರೈವತ್ತು ದಾಟಿದರೆ ವಿಮಾನಕ್ಕೆ, ಅದೂ ದಿನವೂ ಹಾರುವ ವಿಮಾನಕ್ಕೆ. ಮಂಗಳೂರಿನಂತೆ ನಡುವೆ ಘಾಟಿ ಇರುವ ಕಡೆ ಎರಡಕ್ಕೂ. ವಿಮಾನದ ವೇಗ ಹೆಚ್ಚಿಸುವುದು, ಗಾಳಿ ತಿರುಗಿಸುವುದು, ಪರದೇಶದ ಆಕಾಶ ತೆರೆಸುವುದು ನಮ್ಮ ಕೈಯಲ್ಲಿಲ್ಲ. ಮನೆಯಿಂದ ನಿಲ್ದಾಣದವರೆಗಿನ ದಾರಿ ನಮ್ಮ ಕೈಯಲ್ಲಿದೆ. ತಮ್ಮ ಊರಿಗೆ ವಿಮಾನ ಬೇಕೆಂದು ಮನವಿ ಕೊಡುವವರು, ನಿಲ್ದಾಣಕ್ಕೆ ಹೋಗಿಬರುವ ಬಸ್ಸು–ರೈಲಿನ ವೇಳಾಪಟ್ಟಿಯನ್ನೂ ಅದೇ ಮನವಿಯಲ್ಲಿ ಬರೆದು ಕೇಳಬೇಕು.